ಹಳಿ ಮ್ಯಾಲಿನ ಕುರಿ

ವಳಸಂಗದ ಕಾಸೀಂಸಾಬರನ್ನ ಯಾರರೇ ಹೊಸಬರು "ನೀವು ಏನ್ ಕೆಲಸಾ ಮಾಡತಿದ್ರಿ?" ಅಂತ ಕೇಳಿದ್ರ ಅವರ ಜವಾಬು ಒಂದ ಇರತಿತ್ತು. "ಹದಿನೆಂಟ ವರ್ಷ ಬೆಂಕಿಗೆ ಉಣಸೀನಿ. ಆಮ್ಯಾಲ ಡೀಸಲ್ ಇಂಜಿನ್ ಬಂತು, ರಿಟಾಯರ ಆಗೂತನಕಾ ಬರೇ ನಾ ಕುಂತ ಉಂಡೀನಿ."

ಅಂದ್ರ ಅವರು ರೈಲ್ವೇದಾಗ ಫಾಯರಮನ್ ಇದ್ರು. ಉಗಿ ಇಂಜಿನ್ನಿನ ಹೊಟ್ಟಿಗೆ ಸಲಿಕೀಲೆ ಇದ್ದಲಿ ಹಾಕೂ ಕೆಲಸ. ಅದೂ ದೊಡ್ಡ ರೈಲಲ್ಲ. ಮಿರಜದಿಂದ ಪಂಢರಪುರದ ಕಡೆ ಹೋಗೂ, ಎರಡೂವರಿ ಫೂಟ ಹಳಿ ಮ್ಯಾಲಿನ ಸಣ್ಣ ಗಾಡಿ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದ ಮಂದಿಗೆ ಅದರ ಮ್ಯಾಲ ಭಾಳ ಅಭಿಮಾನ. ಯಾಕಂತ ಕೇಳಬ್ಯಾಡ್ರಿ, ಆ ಗಾಡಿ ನಮ್ಮೂರಿಗೆ ಬರತಿರಲಿಲ್ಲ. 'ಜತ್ತ ರೋಡ' ಅಂತ ಒಂದ ಸ್ಟೇಷನ್ ಐತಿ. ಹೆಸರಿನ್ಯಾಗ ಜತ್ತ ಐತಿ, ರೋಡೂ ಐತಿ. ಆದ್ರ ಅಲ್ಲಿ ಇಳದಾಂವ ಜತ್ತ ಮುಟ್ಟಬೇಕಂದ್ರ ಮತ್ತೊಂದ ಬುತ್ತಿ ಕಟಗೊಂಡ ಹೊಂಡಬೇಕು. ಹೆಸರರೇ ಇಟ್ಟಾರಲ್ಲ ಅಂತ ನಾವು ಅಷ್ಟಕ್ಕ ಖುಷ್.

ಗಾಡಿಯ ಓಟಾ ಹೆಂಗಿತ್ತಪಾ ಅಂದ್ರ, ಕಾಸೀಂಸಾಬರೇ ಹೇಳತಿದ್ರು. ಒಮ್ಮೆ ಏರು ಹಾದ್ಯಾಗ ಮಾಡಗ್ಯಾಳದ ಒಂದ ಟಗರು ಇಂಜಿನ್ ಬಾಜೂಕ ಹೊಂಟಿತ್ತಂತ. ಎರಡ ಮೈಲ ಇಬ್ಬರೂ ಜೋಡೀಲೆ ಹೋದ್ರು. ಕಡೀಕ ಟಗರು ಮುಂದ ಹೋತು. "ಅದಕ್ಕ ಪಾಪ, ತಾ ನಮ್ಮ ಸಂಗಾಟ ಪೈಪೋಟಿಗೆ ಬಿದ್ದೀನಿ ಅನ್ನೂದ ಗೊತ್ತಿರಲಿಲ್ಲ. ಹುಲ್ಲ ಮೇಯಕೋತ ಹೊಂಟಿತ್ತು," ಅಂತ ಹೇಳಿ ತಾವೇ ಮದಲ ನಗತಿದ್ರು.

ಈಗ ಆ ಸಣ್ಣ ಹಳಿ ಕಿತ್ತಿ ದೊಡ್ಡ ಹಳಿ ಹಾಸ್ಯಾರ. ಗಾಡಿ ಜೋರ ಓಡತಾವ, ಯಾರಿಗೂ ನಿಂದ್ರೂದಿಲ್ಲ. ಹಿಂಗಾದ ಮ್ಯಾಲ ಜತ್ತದ ಒಂದಷ್ಟ ಹುರುಪಿನ ಮಂದಿ ಕೂಡಿ ಒಂದ ಮಂಡಳ ಮಾಡಿದ್ರು. ಎಲ್ಲೋ ತುಕ್ಕ ಹಿಡದ ನಿಂತಿದ್ದ ಹಳೆ ಇಂಜಿನ್ ತಂದು, ರಿಪೇರಿ ಮಾಡಿ, ಊರ ಹೊರಗಿನ ಮಾಳದಾಗ ಮೂರ ಫರ್ಲಾಂಗ ಸಣ್ಣ ಹಳಿ ಹಾಸಿ, 'ಹೆರಿಟೇಜ್ ರೈಲು' ಅಂತ ಬೋರ್ಡ ಹಾಕಿದ್ರು. ಜೀವಂತ ಇದ್ದಾಗ ಜತ್ತಕ್ಕ ಬಾರದ ಗಾಡಿ ಸತ್ತ ಮ್ಯಾಲ ಬಂತು ನೋಡ್ರಿ. ಗಾಡಿ ಬಂತಂದ್ರ ಅದಕ್ಕೊಂದ ಇತಿಹಾಸ ಬೇಕಲ್ಲ. ಅದನ್ನ ಬರಿಯಾಕ ಮಂಡಳದವ್ರು ಕಾಜಲ್ ಅನ್ನೂ ಹುಡಗೀಗೆ ಹೇಳಿದ್ರು. ಮಾಡಗ್ಯಾಳದ ಕುರಿ ಕಾಯೂ ಮನಿತನದಾಕಿ, ಸಾಂಗ್ಲ್ಯಾಗ ಎಂ.ಎ. ಮಾಡಿದಾಕಿ. ಓದಿದ್ದೆಲ್ಲಾ ಮರಾಠಿ, ಮಾತಾಡೂದೆಲ್ಲಾ ಕನ್ನಡ. ಹಳೇ ರೈಲ್ವೇ ಮಂದಿ ಯಾರ್ಯಾರ ಉಳದಾರ ಅಂತ ಹುಡಿಕ್ಯಾಡಕೋತ ಒಂದ ಮುಂಜಾನೆ ಕಾಸೀಂಸಾಬರ ಮನಿಗೆ ಬಂದ್ಲು. ಮೋಬಾಯಿಲ್ ಚಾಲೂ ಮಾಡಿ ಮುಂದ ಇಟ್ಟು, "ಹೇಳ್ರಿ ಅಜ್ಜಾರ," ಅಂದ್ಲು.

ಕಾಸೀಂಸಾಬರಿಗೆ ಹೇಳ್ರಿ ಅನ್ನೂದ ಒಂದ ಬೇಕಿತ್ತು. ಬಗಲಾಗ ರಗಡ ಕತಿ ಇದ್ದುವು, ಅದರೊಳಗ ದೊಡ್ಡದು ಪಿಂಜಾರಮಡ್ಡಿಯ ಶಿಟ್ಟಿ ಕತಿ.

ಪಿಂಜಾರಮಡ್ಡಿ ಅಂದ್ರ ಸಣ್ಣ ಗಾಡಿಯ ಹಾದಿಗೆ ಹತ್ತಿದ ಒಂದ ವಸ್ತಿ. ಅರಳಿ ಹಿಂಜಿ ಗಾದಿ ಮಾಡೂ ಪಿಂಜಾರರ ಹದಿನೆಂಟ ಮನಿ. ಆ ಕಾಲಕ್ಕ ಅಲ್ಲಿ ಮಸೂತಿ ಇರಲಿಲ್ಲ, ಸ್ಪೀಕರ ಇರಲಿಲ್ಲ. ಗಡಿಯಾರ ಒಂದ ಮನ್ಯಾಗ ಇತ್ತು, ಅದೂ ನಿಂತಿತ್ತು. ರಮಜಾನದಾಗ ಸಂಜೀಕ ರೋಜಾ, ಅಂದ್ರ ದಿನದ ಉಪವಾಸ, ಬಿಡೂ ಹೊತ್ತ ಯಾವದಂತ ತಿಳಕೊಳ್ಳೂದ ದೊಡ್ಡ ತ್ರಾಸ. ಮುಗಿಲಾಗ ಮಾಡ ಮುಚ್ಚಿದ್ರಂತೂ ಕೇಳೂದ ಬ್ಯಾಡ. ಆದ್ರ ವಸ್ತಿಯಿಂದ ಅರ್ಧಾ ಮೈಲಿಗೆ ಒಂದ ಸಣ್ಣ ಸ್ಟೇಷನ್ ಇತ್ತು. ಹಳಿ ಒಂದ ಇದ್ದದ್ದಕ್ಕ ಸಂಜೀ ಗಾಡಿ ಅಲ್ಲಿ ದಿನಾ ಮುಕ್ಕಾಲ ತಾಸ ನಿಂದರತಿತ್ತು, ಎದುರಿನ ಗಾಡಿ ಬಂದ ಹಾದ ಹೋಗೂತನಕಾ. ಆ ಗಾಡಿಯ ಡ್ರೈವರ ವಿಠೋಬ ಅನ್ನಾವ್ರು. ಕೊಳ್ಳಾಗ ತುಳಸಿ ಮಾಲಿ, ಕಿಸೇದಾಗ ರೈಲ್ವೇ ಗಡಿಯಾರ. ಮಿರಜದ ಮಸೂತಿಯಿಂದ ರಮಜಾನದ ವ್ಯಾಳೇದ ಕಾಗದ ತಂದು ಇಂಜಿನ್ನಿನ ಒಳಗ ಅಂಟಿಸಿದ್ರು. ದಿನಾ ಸಂಜೀಕ ಸರಿಯಾದ ಮಿನಿಟಿಗೆ ಒಂದ ಉದ್ದ ಶಿಟ್ಟಿ ಊದತಿದ್ರು. ಅದನ್ನ ಕೇಳಿ ಹದಿನೆಂಟೂ ಮನಿ ರೋಜಾ ಬಿಡತಿದ್ದುವು. ರೈಲ್ವೇದ ಯಾವ ಕಾನೂನಿನ್ಯಾಗೂ ಇದು ಇರಲಿಲ್ಲ. ವಿಠೋಬರು ಯಾರನ್ನೂ ಕೇಳಲಿಲ್ಲ, ಯಾರೂ ಬ್ಯಾಡ ಅನ್ನಲಿಲ್ಲ.

ಇಪ್ಪತ್ತೊಂದ ವರ್ಷದ ಹುಡುಗ ಕಾಸೀಂ ಆ ಇಂಜಿನ್ನಿಗೆ ಬಂದ ವರ್ಷ, ರಮಜಾನದ ಮದಲನೇ ದಿನಾ ವಿಠೋಬರು ಶಿಟ್ಟಿಯ ಹಗ್ಗಾ ಅವನ ಕೈಯಾಗ ಕೊಟ್ರು. "ಇದು ನಿಮ್ಮ ಮಂದಿ ಕೆಲಸ. ಇನ್ನ ಮ್ಯಾಲ ನೀ ಊದು, ಗಡಿಯಾರ ನಾ ನೋಡತೀನಿ," ಅಂದ್ರು.

ಇಲ್ಲೀತನಕಾ ಕತಿ ಖರೇ ಐತಿ. ಇದರ ಮುಂದ ಕುರಿ ಬರತಾವ.

"ಸತ್ತಾವೀಸನೇ ರೋಜಾ ಮಗಳ, ರಮಜಾನದ ಇಪ್ಪತ್ತೇಳನೇ ದಿನಾ, ಎಲ್ಲಾದರಾಗ ದೊಡ್ಡದು," ಅಂದ್ರು ಕಾಸೀಂಸಾಬರು, ದನಿ ಸ್ವಲ್ಪ ಇಳಿಸಿ. "ರೋಜಾ ಬಿಡಾಕ ಇನ್ನ ಹನ್ನೊಂದ ಮಿನಿಟ ಇತ್ತು. ವಿಠೋಬರು ಕೆಳಗಿಳದಿದ್ರು. ಎದುರಿನ ಗಾಡಿ ಬರೂ ಹೊತ್ತು, ನೋಡತೀನಿ, ಹಳಿ ಮ್ಯಾಲ ನಲವತ್ತ ಕುರಿ. ಏನ್ ಮಾಡಲಿ? ಮೂಕ ಜೀವಾ. ಹಗ್ಗಾ ಜಗ್ಗಿದೆ. ಕುರಿ ಉಳದುವು, ವಸ್ತಿಯವರ ರೋಜಾ ಹೋತು."

ಹೇಳಿ ಒಂದ ನಿಟ್ಟುಸಿರ ಬಿಟ್ರು. ಈ ಜಾಗಾದಾಗ ನಿಟ್ಟುಸಿರ ಬಿಡೂದ ರೂಢಿ ಆಗಿತ್ತು. ಕೇಳಿದವ್ರು, "ಬಿಡ್ರಿ, ಜೀವಾ ಉಳಸೂದೂ ಪುಣ್ಯಾನ," ಅಂತಿದ್ರು. ಮದಲ ಮದಲ ಈ ಕತಿಯೊಳಗ ನಾಕ ಕುರಿ ಇದ್ದುವು. ಡೀಸಲ್ ಬರೂ ಹೊತ್ತಿಗೆ ಇಪ್ಪತ್ತ ಆದುವು. ರಿಟಾಯರ ಆದ ಮ್ಯಾಲ ನಲವತ್ತ. ಕಾಸೀಂಸಾಬರ ಬಾಯಾಗ ಕುರಿ ಮರಿ ಹಾಕಿದಷ್ಟು ಮಾಡಗ್ಯಾಳದ ಹಟ್ಟಿಯೊಳಗೂ ಹಾಕಿರಲಿಕ್ಕಿಲ್ಲ.

ಕಾಜಲ್ ಮಾತ್ರ ಪುಣ್ಯಾ ಗಿಣ್ಯಾ ಅನ್ನಲಿಲ್ಲ. ಮೋಬಾಯಿಲ್ ಬಂದ್ ಮಾಡಿ ಕೇಳಿದ್ಲು, "ಆ ಕುರಿ ಯಾರವು ಅಜ್ಜಾರ?"

"ಮಾಡಗ್ಯಾಳದ ಬೀರು ಅಂತ ಒಬ್ಬಾಂವ ಇದ್ದ. ಅವನವು."

"ಬೀರು ನಮ್ಮಜ್ಜ," ಅಂದ್ಲು ಕಾಜಲ್. "ನಮ್ಮವ್ವನ ಅಪ್ಪ. ಸಾಯೂತನಕಾ ಹೇಳತಿದ್ದ, ಆ ವಾರ ನಮ್ಮ ಕುರಿ ಅಸಂಗಿ ಊರಿನ ಹೊಲದಾಗ ಇದ್ದುವು, ಸ್ಟೇಷನ್ ಕಡೆ ಹಾದ ಸೈತ ಹೋಗಿಲ್ಲ ಅಂತ. ಆ ವರ್ಷ ಪಿಂಜಾರಮಡ್ಡಿಯವ್ರು ಯಾರೂ ಅವನ ಕುರಿ ಗೊಬ್ಬರಕ್ಕಂತ ತಮ್ಮ ಹೊಲದಾಗ ಕೂಡಸಲಿಲ್ಲಂತ, ಕೂಡಸಿದ್ರ ಸಿಗೂ ಕಾಳೂ ಹೋತಂತ. ರೋಜಾ ಕೆಡಸಿದ ಕುರಿ ಅಂದ್ರಂತ."

ಆಕಿ ಸಿಟ್ಟೀಲೆ ಹೇಳಲಿಲ್ಲ. ಸಿಟ್ಟ ಮಾಡಿದ್ರ ಕಾಸೀಂಸಾಬರೂ ಸಿಟ್ಟ ಮಾಡಿ ಪಾರಾಗತಿದ್ರು. ಇಷ್ಟ ತಣ್ಣಗ ಕೇಳಿದ್ರ ಎಲ್ಲಿ ಓಡಬೇಕು? ಒಳಗ ಹೆಂಡತಿ ಖುರಷೀದಬಿ ಚಾ ಸೋಸೂ ಸಪ್ಪಳಾ ಕೇಳಸಾಕತ್ತಿತ್ತು. ಕಾಸೀಂಸಾಬರು ಬಾಗಲಾ ಒಮ್ಮೆ ನೋಡಿದ್ರು, ಹುಡಗೀನ್ನ ಒಮ್ಮೆ ನೋಡಿದ್ರು.

"ನಾ ಜಗಳಾ ತಗ್ಯಾಕ ಬಂದಿಲ್ರಿ ಅಜ್ಜಾರ," ಅಂದ್ಲು ಕಾಜಲ್. "ಪುಸ್ತಕದಾಗ ಏನ್ ಬರೀಲಿ ಅನ್ನೂದ ಅಷ್ಟ. ಬರೂ ಆಯಿತವಾರ ಉದ್ಘಾಟನಾ ಐತಿ, ನೀವು ಸ್ಟೇಜ್ ಮ್ಯಾಲ ಈ ಕತಿ ಹೇಳಬೇಕಂತ ಮಂಡಳದವ್ರು ಅಂದಾರ. ಅಲ್ಲಿ ನೀವು ಏನ್ ಹೇಳತೀರಿ, ಅದನ್ನ ನಾ ಬರೀತೀನಿ. ಅಜ್ಜೀನ್ನೂ ಕರಕೊಂಡ ಬರ್ರಿ."

ಅಷ್ಟರಾಗ ಖುರಷೀದಬಿ ಚಾ ತಂದ್ಲು. ಕಾಸೀಂಸಾಬರು ಗಬಕ್ಕನ ಕುಡದು ನಾಲಿಗಿ ಸುಟಗೊಂಡ್ರು.

ಖರೇ ಸಂಗತಿ ಇಷ್ಟ. ಆ ದಿನಾ ಹಳಿ ಮ್ಯಾಲ ಕುರಿ ಇರಲಿಲ್ಲ, ಇಂಜಿನ್ನಿನ ಮ್ಯಾಲ ಒಂದ ಹಸಿದ ಹೊಟ್ಟಿ ಇತ್ತು.

ಪ್ರವಾಸದಾಗ ಇದ್ದವ್ರು ರೋಜಾ ಇಡದಿದ್ರೂ ನಡೀತೈತಿ, ಆಮ್ಯಾಲ ತೀರಸಬಹುದು. "ಬೆಂಕಿ ಮುಂದ ನಿಂದರತಿ, ಹುಚ್ಚ ಹಿಡದೈತೇನ ನಿನಗ?" ಅಂತ ವಿಠೋಬರೂ ಬೈದಿದ್ರು. ಕಾಸೀಂ ಕೇಳಬೇಕಲ್ಲ. ಬಾಯ್ಲರ ಮುಂದ ಸಲಿಕಿ ಹಿಡದು ರೋಜಾ ಇಡೂ ಗಂಡಸು ಅಂದ್ರ ನಾನ ಅಂತ ಸ್ಟೇಷನ್ ಸ್ಟೇಷನ್ನಿಗೆ ಸಾರಿಕೋತ ಹೊಂಟಿದ್ದ. ಇಪ್ಪತ್ತಾರ ದಿನಾ ಆ ಹುರುಪು ನಡೀತು. ಇಪ್ಪತ್ತೇಳನೇ ದಿನಾ ಸಂಜೀಕ, ಸ್ಟೇಷನ್ ಹೋಟೆಲ್ಲಿನಾಂವ ಉಳ್ಳಾಗಡ್ಡಿ ಭಜಿ ಕರಿಯಾಕ ಕುಂತ. ವಾಸನಿ ಸೀದಾ ಇಂಜಿನ್ನಿಗೆ ಬಂತು. ವಿಠೋಬರು ಎಣ್ಣಿ ಬಿಡಾಕ ಕೆಳಗಿಳದಿದ್ರು, ಗಡಿಯಾರ ಅವರ ಕಿಸೇದಾಗ. ಮಾಡ ಮುಚ್ಚಿತ್ತು. ಹೊತ್ತ ಮುಳಗೇತಿ ಅಂತ ಕಾಸೀಂನ ಕಣ್ಣು ಹೇಳಲಿಲ್ಲ, ಹೊಟ್ಟಿ ಹೇಳಿತು. ಎರಡ ಮಿನಿಟ ಹಿಂದ ಮುಂದ ಆದ್ರ ಏನ್ ಮುಗಿಲ ಹರದ ಬೀಳತೈತಿ ಅಂದಾಂವ, ಹಗ್ಗಾ ಜಗ್ಗಿ, ಕಿಸೇದಾಗಿನ ಖಜೂರ ಬಾಯಾಗ ಹಾಕ್ಕೊಂಡ.

ಖಜೂರ ಇನ್ನೂ ಗಂಟಲದಾಗ ಇತ್ತು, ವಿಠೋಬರು ಗಡಿಯಾರ ಹಿಡಕೊಂಡ ಓಡಿ ಬಂದ್ರು. "ಭಾಡ್ಯಾ, ಇನ್ನ ಹನ್ನೊಂದ ಮಿನಿಟ ಐತಲ್ಲೋ," ಅಂದ್ರು.

ಸ್ಟೇಷನ್ನಿನವ್ರು ವಸ್ತಿಗೆ ಓಡಿ ಹೋಗಿ ಹೇಳೂ ಹೊತ್ತಿಗೆ ಎಲ್ಲಾರೂ ನೀರ ಕುಡದಿದ್ರು. ಅರ್ಧಾ ತಾಸಿನ್ಯಾಗ ನಾಕ ಮಂದಿ ಹಿರ್ಯಾರು ಸ್ಟೇಷನ್ನಿಗೆ ಬಂದ್ರು. ಬೈಲಿಲ್ಲ, ಬಡೀಲಿಲ್ಲ. "ಯಾಕ ಹಿಂಗಾತು ಬೇಟಾ?" ಅಂತ ಕೇಳಿದ್ರು. ಬಿಳೀ ಗಡ್ಡದ ಮಂದಿ, ಆ ವಯಸ್ಸಿನ್ಯಾಗ ಸತ್ತಾವೀಸನೇ ರೋಜಾ ಕಳಕೊಂಡವ್ರು. ಅವರ ಮುಂದ ಭಜಿ ಹೆಸರ ಹೇಳಾಕ ಕಾಸೀಂನ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದ ಕುರಿ. ಯಾರ ಕುರಿ ಅಂದ್ರ, ಮುಂಜಾನೆ ಎಲ್ಲೋ ಹಾದ್ಯಾಗ ಕಂಡಿದ್ದ ಬೀರುನ ಹೆಸರು ಬಂತು. ಸ್ಟೇಷನ್ ಮಾಸ್ತರು ಪುಸ್ತಕದಾಗ ಬರಕೊಂಡು, ಚಲೋ ಕೆಲಸಾ ಮಾಡಿದಿ ಅಂತ ಬೆನ್ನ ಚಪ್ಪರಿಸಿದ್ರು. ವಿಠೋಬರು ಅವನ ಮಾರಿ ನೋಡಿದ್ರು. ಮರುದಿನದಿಂದ ಹಗ್ಗಾ ತಮ್ಮ ಕೈಯಾಗ ಇಟಗೊಂಡ್ರು.

ಇಷ್ಟಕ್ಕ ಮುಗದಿದ್ರ ಚಲೋ ಇತ್ತು. ಹತ್ತ ವರ್ಷ ಆದ ಮ್ಯಾಲ ಕಾಸೀಂಗ ಹೆಣ್ಣ ನೋಡೂ ಮಾತ ಬಂತು, ಹೆಣ್ಣ ಸಿಕ್ಕದ್ದು ಪಿಂಜಾರಮಡ್ಡಿಯೊಳಗ. ಹುಡಗೀ ಅಪ್ಪ ಹುಡುಗನ ಮನಿತನಾ ಕೇಳಲಿಲ್ಲ, ಪಗಾರ ಕೇಳಲಿಲ್ಲ. "ಕುರಿ ಉಳಸಿದ ಹುಡುಗ ಅಲ್ಲೇನು? ಮೂಕ ಪ್ರಾಣಿಗೆ ಇಷ್ಟ ಮರಗಾಂವ ನನ್ನ ಮಗಳಿಗೆ ಎಷ್ಟ ಮರಗಾಂವ," ಅಂದ್ರು. ಇಲ್ಲದ ಕುರಿ ಇದ್ದ ಹೆಣ್ಣ ತಂದ ಕೊಟ್ಟುವು. ಮದಿವಿಯಾದ ಮೂರನೇ ದಿನಾ ಖುರಷೀದ ಊಟಕ್ಕ ಬಡಸಕೋತ ಹೇಳಿದ್ಲು, ಆ ಶಿಟ್ಟಿಯ ದಿನಾನ ತನ್ನ ಪೈಲಾ, ಅಂದ್ರ ಜೀವನದ ಮದಲನೇ ರೋಜಾ ಇತ್ತಂತ. ಹತ್ತ ವರ್ಷದ ಹುಡಗಿ, ಹೊಸಾ ಅರವಿ, ಹೂವಿನ ಹಾರಾ, ವಸ್ತಿ ಮಂದಿ ಎಲ್ಲಾ ಅವರ ಅಂಗಳದಾಗ ಕೂಡಿದ್ರಂತ. ಕಾಸೀಂನ ಕೈಯಾಗಿನ ತುತ್ತ ಕೈಯಾಗ ಉಳೀತು.

ಆವತ್ತ ಹೇಳಿ ಬಿಡಬೇಕಿತ್ತು. ಹೇಳಲಿಲ್ಲ. ಹೊಸಾ ಹೆಂಡತಿ, ನಾಳಿ ಹೇಳಿದ್ರಾತು ಅಂದ. ಆ ನಾಳಿ ನಲವತ್ತ ವರ್ಷ ಆತು. ಖುರಷೀದಬಿ ಎಂದೂ ಆ ಮಾತಿಗೆ ಗಂಡನ್ನ ಹಂಗಿಸಿದಾಕಿ ಅಲ್ಲ. ಆದ್ರ ಯಾರರೇ ಆ ಕುರಿ ಮಾತ ತಗದ್ರ ಸಾಕು, ಆಕಿ ಸೆರಗ ಸರಿ ಮಾಡಿಕೊಂಡ ಎದ್ದ ಒಳಗ ಹೋಗತಿದ್ಲು. ಇಕಿಗೆ ಸಂಶೆ ಐತಿ ಅಂತ ಕಾಸೀಂಸಾಬರಿಗೆ ಖಾತ್ರಿ ಆಗಿತ್ತು. ಸಂಶೆ ಇರೂತನಕಾ ನಡೀತೈತಿ. ಖರೇ ಅಂತ ತಿಳದ್ರ? ಹಸಿವಿಗೆ ಸೋತು ನನ್ನ ಪೈಲಾ ರೋಜಾ ಕೆಡಸಿದ, ಮ್ಯಾಲ ಸುಳ್ಳ ಹೇಳಿ ನನ್ನ ಮದಿವಿ ಆದ ಅಂತ ತಿಳದ್ರ? ಅರವತ್ತರಾಗ ಯಾರೂ ತವರಿಗೆ ಹೋಗೂದಿಲ್ಲ ಖರೇ, ಆದ್ರ ಮಾತ ಬಿಡಾಕ ವಯಸ್ಸಿನ ಕಟ್ಟ ಇಲ್ಲ. ಆಕಿ ಮಾತ ಬಿಟ್ರ ಆ ಮನ್ಯಾಗ ಕಾಸೀಂಸಾಬರ ಕತಿ ಕೇಳಾಕ ಗ್ವಾಡಿ ಅಷ್ಟ ಉಳೀತಾವ.

ಕೈಯಾಗ ಎಂಟ ದಿನಾ ಇತ್ತು. ಮಂದಿ ಮುಂದ ಹೇಳೂಕಿಂತ ಮದಲ ಆಕಿಗೆ ಹೇಳಬೇಕಂತ ನಿಶ್ಚೆ ಮಾಡಿದ್ರು. ಸೋಮವಾರ ರೊಟ್ಟಿ ತಿನ್ನಕೋತ, "ಖುರಷೀದ, ಒಂದ ಮಾತ ಹೇಳೂದೈತಿ," ಅಂದ್ರು.

"ಉಪ್ಪ ಹೆಚ್ಚಾಗೇತೇನ್ರಿ?" ಅಂತ ಕೇಳಿದ್ಲು.

ಕಾಸೀಂಸಾಬರು "ಹೂಂ" ಅಂದ ಬಿಟ್ರು. ಅದರ ಮ್ಯಾಲ ನಾಕ ದಿನಾ ಸಪ್ಪನ ಪಲ್ಲೆ ಉಂಡ್ರು, ಎರಡನೇ ಸಲಾ ಬಾಯಿ ತಗ್ಯಾಕ ಧೈರ್ಯಾ ಬರಲಿಲ್ಲ.

ಶುಕ್ರವಾರ ನಮಾಜ ಮುಗಿಸಿ ಬಂದು, ಗಟ್ಟಿ ಮನಸ ಮಾಡಿ ಕುಂತ್ರು. "ಆ ಕುರಿ ಇದ್ದುವಲ್ಲ..." ಅನ್ನೂದರಾಗ ಆಕಿ ಎದ್ಲು. "ಹಾಲ ಉಕ್ಕತಾವ್ರಿ," ಅಂದು ಒಳಗ ಹೋದ್ಲು. ಒಲಿ ಹಚ್ಚಿರಲೇ ಇಲ್ಲ.

ಶನಿವಾರ ಹಿತ್ತಲದಾಗ ಕೋಳಿ ಮುಂದ ನಿಂತು ಪೂರಾ ಭಾಷಣದ ರಿಯಾಜ ಮಾಡಿದ್ರು. ಕೋಳಿ ತಲಿ ವಾರಿ ಮಾಡಿ ಎಲ್ಲಾ ಕೇಳಿತು, ಕಡೀಕ ಇವರ ಕೈಯಾಗ ಕಾಳ ಇಲ್ಲ ಅಂತ ತಿಳದ ಹೋತು. ಹಿಂಗ ಆಯಿತವಾರ ಬಂತು.

ಮಾಳದ ತುಂಬ ಮಂದಿ. ಇಂಜಿನ್ನಿಗೆ ಹೊಸಾ ಕರೀ ಬಣ್ಣಾ ಬಡದು, ಚಂಡ ಹೂವಿನ ಮಾಲಿ ಹಾಕಿದ್ರು. ಕಾಸೀಂಸಾಬರು ಇಸ್ತ್ರಿ ಅಂಗಿ, ಹಳೆ ರೈಲ್ವೇ ಟೊಪ್ಪಿಗಿ ಹಾಕ್ಕೊಂಡ ಬಂದಿದ್ರು. ಫೋಟೋಕ್ಕ ಇಂಜಿನ್ ಏರ್ರಿ ಅಂದ್ರು. ಒಂದ ಕಾಲದಾಗ ಓಡೂ ಇಂಜಿನ್ನಿಗೆ ಜಿಗದ ಹತ್ತಾಂವ, ಈಗ ನಿಂತ ಇಂಜಿನ್ನಿಗೆ ಹತ್ತಾಕ ಹಿಂದ ಇಬ್ಬರು ನೂಕಬೇಕಾತು. "ಅಜ್ಜಾಗೂ ಉಗಿ ಏರಸ್ರೋ," ಅಂತ ಯಾರೋ ಚಾಷ್ಟಿ ಮಾಡಿದ್ರು. ಶಾಲು, ಟೆಂಗಿನಕಾಯಿ ಆದ ಮ್ಯಾಲ ಮೈಕ್ ಕೈಗೆ ಬಂತು. ಮುಂದಿನ ಸಾಲಿನ್ಯಾಗ ಖುರಷೀದಬಿ ಕುಂತಿದ್ಲು, ಹೊಸಾ ಸೀರಿ ಉಟಗೊಂಡು. ಆಕಿ ಬಾಜೂಕ ಕಾಜಲ್, ವಹಿ ತಗದ ಪೆನ್ನ ಹಿಡದು.

ಕಾಸೀಂಸಾಬರು ಸಣ್ಣ ಗಾಡಿ ಕತಿ ಹೇಳಿದ್ರು, ಟಗರಿನ ಕತಿ ಹೇಳಿದ್ರು, ವಿಠೋಬರ ಹೆಸರ ಹೇಳಿ ಕೈ ಮುಗದ್ರು. ಪಿಂಜಾರಮಡ್ಡಿಯ ಸತ್ತಾವೀಸನೇ ರೋಜಾಕ್ಕ ಬಂದ್ರು. ಮುಂದಿನ ಸಾಲಿನ್ಯಾಗ ಖುರಷೀದಬಿ ಸೆರಗ ಸರಿ ಮಾಡಿಕೊಳ್ಳಾಕತ್ತಿದ್ದು ಕಂಡಿತು. ಎದ್ದ ಹೋದ್ರ ಮತ್ತ ಹೇಳೂದ ಆಗೂದಿಲ್ಲ ಅಂತ ಅವಸರಾ ಮಾಡಿದ್ರು.

"ಐವತ್ತ ವರ್ಷ ನಿಮಗೆಲ್ಲಾ ಹಳಿ ಮ್ಯಾಲ ಕುರಿ ಬಂದುವು ಅಂತ ಹೇಳೀನಿ. ಕುರಿ ಇರಲಿಲ್ರಿ. ನಲವತ್ತೂ ಇರಲಿಲ್ಲ, ನಾಕೂ ಇರಲಿಲ್ಲ. ಇದ್ದದ್ದ ಒಂದ ಕುರಿ, ಅದು ಇಂಜಿನ್ನಿನ ಮ್ಯಾಲ ನಿಂತಿತ್ತು, ಉಳ್ಳಾಗಡ್ಡಿ ಭಜಿ ವಾಸನಿ ತಗೋತ."

ಮಂದಿ ಹೊಟ್ಟಿ ಹಿಡಕೊಂಡ ನಕ್ಕಿತು. ಭಜಿ, ಮಾಡ, ಖಜೂರ, ವಿಠೋಬರ ಬೈಗಳಾ, ಎಲ್ಲಾ ಹೇಳಿದ್ರು. ಒಂದೊಂದ ಮಾತಿಗೂ ನಗಿ. ಆಮ್ಯಾಲ ಕಾಜಲ್ ಕಡೆ ತಿರುಗಿ, "ಮಾಡಗ್ಯಾಳದ ಬೀರುನ ಕುರಿ ಆ ದಿನಾ ಅಸಂಗಿ ಹೊಲದಾಗ ಇದ್ದುವು. ಅವನ ಹೆಸರ ನಾ ಸುಳ್ಳ ಹೇಳಿದೆ. ತಪ್ಪ ನಂದು. ಇದನ್ನ ಇದ್ದಂಗ ಬರೀ ಮಗಳ," ಅಂದ್ರು. ಕಾಜಲ್ ತಲಿ ಬಗ್ಗಿಸಿ ಬರೀತಿದ್ಲು, ಕಣ್ಣ ಒರಸಿಕೊಂಡ್ಲು. ಮಂದಿ ಚಪ್ಪಾಳಿ ತಟ್ಟಿದ್ರು. ಕಾಸೀಂಸಾಬರ ಯಾವ ಕತಿಗೂ ಅಷ್ಟ ಚಪ್ಪಾಳಿ ಬಿದ್ದಿರಲಿಲ್ಲ. ಇಷ್ಟ ಹಗುರ ಕೆಲಸಕ್ಕ ಐವತ್ತ ವರ್ಷ ಹೆದರಿದೆನಲ್ಲ ಅಂತ ನಗಕೋತ ಮುಂದಿನ ಸಾಲ ನೋಡಿದ್ರು.

ಖುರಷೀದಬಿಯ ಖುರ್ಚಿ ಖಾಲಿ ಇತ್ತು.

ಹುಡಿಕ್ಯಾಡಿದ್ರ ಆಕಿ ಮಾಳದ ಆಚೀ ಕಡೆ, ಬೇವಿನ ಗಿಡದ ಕೆಳಗ, ಹಳಿ ಕೆಳಗ ಹಾಸಿ ಉಳದ ಹಳೇ ಕಟಗೀ ಸ್ಲೀಪರ ಒಟ್ಟಿದ್ದರ ಮ್ಯಾಲ ಕುಂತಿದ್ಲು. ಕಾಸೀಂಸಾಬರು ಶಾಲು ಎಳಕೋತ, ತೇಕಕೋತ ಬಂದ್ರು.

"ಖುರಷೀದ, ಮಾಫ ಮಾಡು. ನಿನ್ನ ಗಂಡಾ ಮದಲಿಂದಾ ಹೊಟ್ಟಿಬಾಕ, ನಿನಗ ಗೊತ್ತ ಐತಿ. ಭಜಿ ಮುಂದ..."

"ನಗಸಬ್ಯಾಡ್ರಿ," ಅಂದ್ಲು.

ಕಾಸೀಂಸಾಬರು ಟೊಪ್ಪಿಗಿ ತಗದ ಕೈಯಾಗ ಹಿಡಕೊಂಡ್ರು.

"ಕುರಿ ಖರೇನ ಇರಲಿಲ್ಲ?"

"ಇರಲಿಲ್ಲ."

"ಒಂದೂ?"

"ಒಂದೂ ಇಲ್ಲ."

"ಹಂಗಾದ್ರ ಆ ಕುರೀನ್ನ ಅಲ್ಲಾ ಕಳಿಸಿದ್ದಲ್ಲ," ಅಂದ್ಲು ಖುರಷೀದಬಿ. ಗಂಡಗ ಹೇಳಿದ್ದಲ್ಲ, ತನಗ ತಾನ ಹೇಳಿಕೊಂಡಂಗ ಇತ್ತು. ಕಾಸೀಂಸಾಬರಿಗೆ ತಿಳೀಲಿಲ್ಲ. ಆಕೀನ ಬಿಡಿಸಿ ಹೇಳಿದ್ಲು.

"ಆ ದಿನಾ ಮಧ್ಯಾನ ನಾ ಹೊಲಕ್ಕ ಹೋಗಿ ಹಸಿ ಶೇಂಗಾ ತಿಂದಿದ್ದೆ. ಹತ್ತ ವರ್ಷದಾಕಿ, ತಡಕೊಳ್ಳಾಕ ಆಗಲಿಲ್ಲ. ಬಾಯಿ ಒರಸಿಕೊಂಡ ಬಂದ ಸುಮ್ನ ಕುಂತೆ. ಅವ್ವ ಕೊಳ್ಳಾಗ ಹೂವಿನ ಹಾರಾ ಹಾಕಿದ್ಲು. ಬಂದವ್ರೆಲ್ಲಾ ತಲಿ ಮ್ಯಾಲ ಕೈ ಇಟ್ಟ ದುವಾ ಕೊಡತಿದ್ರು. ಒಬ್ಬೊಬ್ಬರು ಕೈ ಇಟ್ಟಾಗೂ ನಾ ಇನ್ನೊಮ್ಮೆ ಬಾಯಿ ಒರಸಿಕೊಳ್ಳತಿದ್ದೆ. ಅಷ್ಟರಾಗ ಶಿಟ್ಟಿ ಆತು, ಎಲ್ಲಾರೂ ನೀರ ಕುಡದ್ರು. ಆಮ್ಯಾಲ ನೋಡಿದ್ರ, ಎಲ್ಲಾರ ರೋಜಾ ಮುರೀತು ಅಂದ್ರು. ಹಳಿ ಮ್ಯಾಲ ಕುರಿ ಬಂದುವಂತ ಅಂದ್ರು. ಆ ಕುರಿ ಯಾಕ ಬಂದುವು ಅನ್ನೂದ ಯಾರಿಗೂ ಗೊತ್ತಿಲ್ಲ, ನನಗ ಒಬ್ಬಾಕಿಗೆ ಗೊತ್ತೈತಿ ಅಂತ ತಿಳಕೊಂಡೆ. ನಾ ಸುಳ್ಳ ಆಡಿದ್ದಕ್ಕ ಅಲ್ಲಾ ಇಡೀ ವಸ್ತಿಗೆ ಶಿಕ್ಷಾ ಕೊಟ್ಟ ಅಂದೆ."

"ಅಷ್ಟ ಸಣ್ಣ ಹುಡಗೀಗೆ ಶೇಂಗಾ ತಿಂದ್ರ ಯಾವ ಪಾಪ ಹತ್ತತೈತಿ?" ಅಂದ್ರು ಕಾಸೀಂಸಾಬರು.

"ಅದನ್ನ ಆವತ್ತ ಯಾರ ಹೇಳತಿದ್ರು ನನಗ? ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ವಸ್ತಿಯೊಳಗ ಮನಿ ಮನಿ ಎಣಿಸಿದೆ. ರೋಜಾ ಮುರದವ್ರು ತೊಂಬತ್ತ ಮಂದಿ. ಒಬ್ಬೊಬ್ಬರ ಹೆಸರಿಗೆ ಒಂದೊಂದ ರೋಜಾ ಇಟ್ಟ ತೀರಸತೀನಿ ಅಂತ ಮನಸಿನ್ಯಾಗ ಹರಕಿ ಹೊತ್ತೆ. ಮೌಲಾನಾಗ ಕೇಳಿದ್ರ ಹಂಗ ನಡಿಯೂದಿಲ್ಲ ಅಂತಾರ ಅಂತ ಹೆದರಿ ಅವರನ್ನೂ ಕೇಳಲಿಲ್ಲ. ಈದ್ ಮುಗದ ಮ್ಯಾಲೂ ನಾ ವರ್ಷಾ ಎರಡೆರಡ ರೋಜಾ ಇಡತೀನಲ್ರಿ. ಅವು ಆ ಹರಕಿ ರೋಜಾ. ಜಡ್ಡ ಬಂದ ವರ್ಷ ತಪ್ಪಿದ್ದೂ ಐತಿ."

ಕಾಸೀಂಸಾಬರು ಸ್ಲೀಪರ ಮ್ಯಾಲ ಕುಂತ್ರು. ಆ ರೋಜಾ ಅವರಿಗೆ ಗೊತ್ತಿದ್ದುವು. ಮಂದಿ ಮುಂದ ಅವನ್ನೂ ಒಂದ ಚಾಷ್ಟಿ ಮಾಡಿಕೊಂಡಿದ್ರು. ನಮ್ಮಾಕಿ ಇಡೂ ರೋಜಾದ ಮ್ಯಾಲ ನಾನೂ ಪುಕಟ ಜನ್ನತಕ್ಕ ಹೋಗಾಂವ, ಟಿಕೇಟ ಇಲ್ಲದ ಅಂತ ನಗಸತಿದ್ರು. ಎಷ್ಟೋ ವರ್ಷ ಉರೀ ಬ್ಯಾಸಗ್ಯಾಗ ಬಂದಿದ್ದುವು. ಆಕಿ ಒಣಗಿದ ತುಟೀಲೆ ನೀರ ಹೊತ್ತ ತರತಿದ್ಲು. ಇವರು ಅದ ಅಡಗಿಮನ್ಯಾಗ ಕುಂತು, ರೊಟ್ಟಿಗೆ ಶೇಂಗಾ ಚಟ್ನಿ ಇನ್ನಷ್ಟ ಹಾಕು ಅಂತಿದ್ರು.

"ಎಷ್ಟ ಉಳದಾವ?" ಅಂತ ಕೇಳಿದ್ರು.

"ಮೂರು."

"ಆ ಮೂರು ನಾ ಇಡತೀನಿ."

ಖುರಷೀದಬಿ ಗಂಡನ ಮಾರಿ ನೋಡಿದ್ಲು. ಆಕಿ ಕಣ್ಣಾಗಿನ ನೀರ ಗಲ್ಲದ ಮ್ಯಾಲ ಇಳೀತಿತ್ತು, ಒರಸಿಕೊಳ್ಳಲಿಲ್ಲ. "ನಿಮಗ ಸಕ್ಕರಿ ಬ್ಯಾನಿ ಐತ್ರಿ," ಅಂದ್ಲು. "ಹುಡುಗ ಇದ್ದಾಗ ಹನ್ನೊಂದ ಮಿನಿಟ ತಾಳಾಕ ಆಗಲಿಲ್ಲ. ಈಗ ಇಡೀ ದಿನಾ ಹೆಂಗ ತಾಳತೀರಿ?"

ಅದು ಚಾಷ್ಟಿ ಅಲ್ಲ, ಸಿಟ್ಟೂ ಅಲ್ಲ. ಗಂಡನ ಚಿಂತಿ ಹತ್ತಿ ಕೇಳಿದ ಮಾತು. ಅದಕ್ಕ ಅದು ಕಾಸೀಂಸಾಬರ ಎದಿಗೆ ನಟ್ಟಿತು. ನಲವತ್ತ ವರ್ಷ ಇಕಿ ನನ್ನ ಮಾಫ ಮಾಡತಾಳೋ ಇಲ್ಲೋ ಅಂತ ತಮ್ಮ ಹೆದರಿಕಿ ತಾವ ನೋಡಿಕೋತ ಕುಂತಿದ್ರು. ಮಗ್ಗಲದಾಗ ಕುಂತಾಕಿ ಯಾಕ ಉಪವಾಸ ಇದ್ದಾಳಂತ ಒಂದ ದಿನಾನೂ ಕೇಳಿರಲಿಲ್ಲ.

ಬಾಯಿಗೆ ಎರಡ ಮಾತ ನಗಸೂವು ಬಂದುವು. ಎರಡನ್ನೂ ನುಂಗಿದ್ರು.

"ತಾಳೂದ ನೀ ಕಲಿಸು," ಅಂದ್ರು ಕಾಸೀಂಸಾಬರು.